ಹುಳಿಗೆ ಕರಗದ ಹರಳು

ಇದನ್ನು ಬರೆಯಲು ಕೂತು ಎದ್ದದ್ದು ಎಷ್ಟು ಸಲವೋ. ಬಿಸಿಲು ಇಳಿಯಲಿ ಎಂದೆ, ಇಳಿಯಿತು. ಕಣ್ಣಿನ ಪೊರೆ ತೆಗೆಸಿದ ಮೇಲೆ ನೋಡೋಣ ಎಂದೆ, ಅದನ್ನೂ ತೆಗೆಸಿದರು. ಈಗ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ. ಮುಂದೂಡಲು ನೆವ ಉಳಿದಿಲ್ಲ.

ನಾನು ಸರಕಾರಿ ಪಶು ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದವನು. ನಮ್ಮ ಕಡೆ ಅದಕ್ಕೆ ದನದ ದವಾಖಾನಿ ಎನ್ನುತ್ತಾರೆ. ಹತ್ತನೆಯ ತರಗತಿ ಪಾಸಾಗಿ ಸೇರಿದೆ. ಮೊದಲು ದೇವದುರ್ಗ, ಆಮೇಲೆ ರಾಯಚೂರು, ಕೊನೆಗೆ ಮಾನ್ವಿ. ಬಡ್ತಿ, ಸನ್ಮಾನದ ಶಾಲು, ಹಾರ ಇವುಗಳ ಕಥೆಯಿಂದ ನಿಮಗೆ ಏನೂ ಉಪಯೋಗವಿಲ್ಲ. ಹೊಸದಾಗಿ ಈ ಕೆಲಸಕ್ಕೆ ಸೇರಿದವರು ಆಗಾಗ ಮನೆಗೆ ಬಂದು ಕೇಳುತ್ತಾರೆ: "ಕಾಕಾ, ಈಗ ದನಕ್ಕಿಂತ ಸಣ್ಣ ನಾಯಿನೇ ಜಾಸ್ತಿ ಬರಾಕತ್ತಾವ. ಉಚ್ಚಿ ಹರಳಿಗೆ ನೀವು ಏನ್ ಮಾಡ್ತಿದ್ರಿ?" ನೀರು ಹೆಚ್ಚು ಕುಡಿಸಿರಿ ಎಂದು ಹೇಳಿ, ಚಹಾ ತರಿಸಿ, ಮಾತು ಬದಲಿಸುತ್ತೇನೆ. ಹೇಳಿದ್ದು ಸುಳ್ಳಲ್ಲ. ಹೇಳದೆ ಉಳಿಸಿದ್ದು ಬಹಳ ಇದೆ.

ನಾನು ಮಟಮಾರಿಯ ಕುರಿಗಾರರ ಮನೆಯವನು. ದೇವದುರ್ಗಕ್ಕೆ ಹೋದಾಗ ಔಷಧದ ಹೆಸರು ಓದಲು ತಡವರಿಸುತ್ತಿದ್ದೆ. ಆದರೆ ಟಗರು ನಿಂತ ರೀತಿ ನೋಡಿಯೇ ಅದಕ್ಕೇನಾಗಿದೆ ಎಂದು ಹೇಳುತ್ತಿದ್ದೆ. ಕಾಳು, ಹಿಂಡಿ ತಿನ್ನಿಸಿ ಕೊಬ್ಬಿಸಿದ ಟಗರಿಗೆ ಮೂತ್ರ ಕಟ್ಟುವುದು ಅಲ್ಲಿ ಸಾಮಾನ್ಯ. ಬೆನ್ನು ಬಾಗಿಸಿ, ಬಾಲ ನಡುಗಿಸುತ್ತ ನಿಲ್ಲುತ್ತದೆ. ಹನಿ ಬೀಳುವುದಿಲ್ಲ. ಮೂತ್ರ ಬರುವ ತುದಿಯಲ್ಲಿ ಎರೆಹುಳುವಿನಂಥ ಒಂದು ಎಳೆ ಇರುತ್ತದೆ, ಕಲ್ಲು ಬಹಳ ಸಲ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಆ ಎಳೆಯನ್ನು ಕತ್ತರಿಸಿದರೆ ದಾರಿ ತೆರೆಯುತ್ತದೆ. ಆಮೇಲೆ ನವಸಾಗರ ಕೊಡಬೇಕು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಬಳಸುವ, ಬಿಳಿ ಉಪ್ಪಿನಂಥ ವಸ್ತು ಅದು. ಅದು ಮೂತ್ರವನ್ನು ಹುಳಿಯಾಗಿಸುತ್ತದೆ, ಟಗರಿನ ಆ ಹರಳು ಹುಳಿಗೆ ಕರಗುತ್ತದೆ. ಇದು ಡಾಕ್ಟರರ ಪುಸ್ತಕದಲ್ಲೂ ಇದೆ, ನಮ್ಮ ಅಪ್ಪನ ಬಾಯಲ್ಲೂ ಇತ್ತು.

ಒಮ್ಮೆ ಒಬ್ಬ ಮುದುಕ ತನ್ನ ಕಾಳಗದ ಟಗರನ್ನು ಎತ್ತಿಕೊಂಡು ಬಂದ. ನಾನು ಎಳೆ ಕತ್ತರಿಸಿದ ಕೂಡಲೇ ಮೂತ್ರ ಕಾರಂಜಿಯಂತೆ ಚಿಮ್ಮಿ, ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟು ನಿಂತಿದ್ದ ನಮ್ಮ ಡಾಕ್ಟರರನ್ನು ಸೊಂಟದಿಂದ ಕೆಳಗೆ ತೋಯಿಸಿತು. ಮುದುಕ ಕೈ ಮುಗಿದ. "ತೀರ್ಥ ಅಂತ ತಿಳ್ಕೋರ್ರಿ ಸಾಹೇಬ್ರ, ಮೂರು ಊರಾಗ ಗೆದ್ದ ಟಗರಿಂದು!" ಡಾಕ್ಟರರು ನಕ್ಕುಬಿಟ್ಟರು. "ಇನ್ನ ಮ್ಯಾಲ ಉಚ್ಚಿ ಕಟ್ಟಿದ್ರ ನನ್ನ ಕರೀಬ್ಯಾಡ್ರಿ, ಹನುಮಂತಪ್ಪನ್ನ ಕರೀರಿ," ಎಂದರು. ಸುತ್ತ ನಿಂತವರೆಲ್ಲ ಕೇಳಿಸಿಕೊಂಡರು. ನಾನೂ ಕೇಳಿಸಿಕೊಂಡೆ. ಆ ಒಂದು ಮಾತನ್ನು ನಾನು ಮುಂದೆ ಎಲ್ಲಿ ಹೋದರೂ ಹೊತ್ತು ತಿರುಗಿದೆ.

ರಾಯಚೂರಿಗೆ ಬಂದಾಗ ಕಾಲ ಬದಲಾಗುತ್ತಿತ್ತು. ದನಗಳ ಸಾಲಿನ ಪಕ್ಕದಲ್ಲಿ ಟವೆಲ್ ಸುತ್ತಿದ ಸಣ್ಣ ನಾಯಿಗಳು ಬರತೊಡಗಿದವು. ಪಮೇರಿಯನ್, ಪಗ್, ಹಣೆಯ ಕೂದಲಿಗೆ ರಬ್ಬರ್ ಬ್ಯಾಂಡ್ ಹಾಕಿದ ಮತ್ತೊಂದು ಜಾತಿ. ಎಮ್ಮೆಯವರು ನೋಡಿ ನಗುವರು: "ಇದನ್ನ ಕಟ್ಟಾಕ ಹಗ್ಗ ಬೇಕೋ, ದಾರ ಸಾಕೋ?" ನಾನೂ ನಗುತ್ತಿದ್ದೆ. ನಗದವರು ಡಾಕ್ಟರ್ ವಸುಂಧರಾ ಮೇಡಂ ಒಬ್ಬರೇ.

ಶಕ್ತಿನಗರದಿಂದ ಒಬ್ಬ ಇಂಜಿನಿಯರರೂ ಅವರ ಮನೆಯವರೂ ಡಾಲಿ ಎಂಬ ಹೆಣ್ಣು ಪಮೇರಿಯನ್ ತಂದರು. ಮೂತ್ರದಲ್ಲಿ ರಕ್ತ. ನಾನು ಬಾಗಿಲಲ್ಲೇ, "ಹರಳ್ರಿ ಮೇಡಂ, ಮೂತ್ರ ಹುಳಿ ಮಾಡಿದ್ರ ಕರಗತದ," ಎಂದೆ.

"ಟಗರಿನ ವಿದ್ಯಾ ಬಾಗಲ ಹೊರಗ ಇಟ್ಟು ಬರ್ರಿ ಹನುಮಂತಪ್ಪ," ಎಂದರು ಮೇಡಂ. "ಮೊದಲ ಹನಿ ನೋಡೂಣು."

ಅವರು ಮೂತ್ರವನ್ನು ಯಂತ್ರದಲ್ಲಿ ತಿರುಗಿಸಿ, ತಳದ ಹನಿಯನ್ನು ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ಶವಪೆಟ್ಟಿಗೆಯ ಮುಚ್ಚಳದಂಥ ಹರಳುಗಳು, ನಿಚ್ಚಳವಾಗಿ. ಸೋಂಕಿನಿಂದ ಆಗುವ ಹರಳು ಇದು, ಕರಗುವ ಜಾತಿ ಎಂದರು. ಸೋಂಕಿಗೆ ಔಷಧ, ಹರಳಿಗೆಂದೇ ತಯಾರಿಸಿದ ಆಹಾರ, ಆಹಾರಕ್ಕೂ ನೀರು ಬೆರೆಸಿ ಕೊಡುವುದು, ಮೂತ್ರ ತಡೆದುಕೊಳ್ಳದಂತೆ ಮತ್ತೆ ಮತ್ತೆ ಹೊರಗೆ ಕರೆದೊಯ್ಯುವುದು, ಮೂತ್ರ ಹುಳಿಯಾಗಿಸುವ ಗುಳಿಗೆಯನ್ನು ಅಳೆದು ಕೊಡುವುದು. ಇವೆಲ್ಲ ಕೂಡಿದರೆ ಮಾತ್ರ ಕರಗುತ್ತದೆ ಎಂದರು. ನಮ್ಮ ಕೊಳವೆಬಾವಿಯ ಸವಳು ನೀರಿನಿಂದ ಹರಳಾಗುತ್ತದೆ ಎಂದು ಜನ ಹೆದರುತ್ತಾರಲ್ಲ, ಅದಕ್ಕೆ ಮೇಡಂ ಹೇಳುತ್ತಿದ್ದರು: "ಯಾವ ನೀರು ಅನ್ನೋದಕ್ಕಿಂತ ಎಷ್ಟು ನೀರು ಅನ್ನೋದು ದೊಡ್ಡದು."

ಮತ್ತೆ ಬಂದಾಗ ಹರಳು ಅಷ್ಟೇ ಇತ್ತು. ಮೇಡಂ ಹುಬ್ಬು ಗಂಟಿಕ್ಕಿದರು. ಇಂಜಿನಿಯರರ ಮನೆಯವರು ಗಂಡನ ಕಡೆ ತಿರುಗಿದರು: "ಹೇಳ್ರಿ, ಈಗ ಹೇಳ್ರಿ!"

ಆ ದೊಡ್ಡ ಮನುಷ್ಯರು ತಲೆ ಕೆರೆದುಕೊಂಡರು. "ಆ ಊಟ ನಾನೂ ತಿಂದ್ ನೋಡೀನ್ರಿ ಮೇಡಂ. ನಮ್ಮ ಹಾಸ್ಟೆಲ್ ಉಪ್ಪಿಟ್ಟು ಇದಕ್ಕಿಂತ ಛಲೋ ಇರ್ತಿತ್ತು. ಪಾಪ, ಅದಕ್ಕೂ ನಾಲಿಗಿ ಅದ ಅಲ್ರಿ? ಅದಕ್ಕ ಒಂಚೂರು ಮಟನ್..."

"ನನ್ನ ಅಡಗಿ ಎಂದಾರ ಇಷ್ಟು ಕಾಳಜಿಲೇ ರುಚಿ ನೋಡೀರಿ?" ಎಂದರು ಅವರ ಮನೆಯವರು.

ಮಟನ್ ನಿಂತ ಮೇಲೆ ಹರಳು ಕರಗಿತು. ನಾನು ಕಲಿತದ್ದು ಏನು? ಸೋಂಕು, ಊಟ, ನೀರು ಎಲ್ಲವೂ ನನ್ನ ತಲೆಯಿಂದ ಜಾರಿದವು. ಟಗರಿಗೆ ಹುಳಿ, ನಾಯಿಗೂ ಹುಳಿ ಎಂಬುದೊಂದೇ ಉಳಿಯಿತು. ನಾನು ಮೊದಲೇ ಹೇಳಿರಲಿಲ್ಲವೇ ಎಂದು ಹಿಗ್ಗಿದೆ.

ಇಲ್ಲಿ ಬರೆಯುವುದನ್ನು ನಿಲ್ಲಿಸಿ ಎದ್ದು ಹೋಗಿದ್ದೆ. ಅಂಗಳದಲ್ಲಿ ಸುಮ್ಮನೆ ತಿರುಗಿ ಬಂದೆ. ಮುಂದಿನದು ಸಣ್ಣ ಸಂಗತಿ, ಅದಕ್ಕೇ ಬರೆಯಲು ಕಷ್ಟ.

ಆ ವರ್ಷದ ಬೇಸಿಗೆಯಲ್ಲಿ ಒಂದು ದಿನ ಮೇಡಂ ಒಳಗಿನಿಂದ ಕೂಗಿದರು: "ಹನುಮಂತಪ್ಪ, ಜಲ್ದಿ ಬರ್ರಿ. ಈ ಹರಳು ಬ್ಯಾರೇನೇ ಅದ, ನೋಡ್ರಿ." ನಾನು ಹೊರಗೆ ಬೇವಿನ ನೆರಳಲ್ಲಿ ದೇವದುರ್ಗದ ಕಡೆಯ ಕುರಿಗಾರರ ನಡುವೆ ನಿಂತು ಡಾಕ್ಟರರ ಪ್ಯಾಂಟಿನ ಕಥೆ ಹೇಳುತ್ತಿದ್ದೆ. ಕಥೆ ಚಿಮ್ಮುವ ಘಟ್ಟಕ್ಕೆ ಬಂದಿತ್ತು. "ಬಂದೆ ಮೇಡಂ," ಎಂದೆ, ಹೋಗಲಿಲ್ಲ. ನಗು ಮುಗಿಸಿ ಒಳಗೆ ಹೋದಾಗ ಅವರು ಗಾಜು ತೊಳೆಯುತ್ತಿದ್ದರು.

"ಹನಿ ಒಣಗಿ ಹೋತು," ಎಂದರು. ಬೈಯಲಿಲ್ಲ. "ಅದು ಅಂಚೆ ಲಕೋಟಿ ಇದ್ದಂಗ ಇರ್ತದ್ರಿ, ನಡುವ ಅಡ್ಡ ಗೀಟು ಎಳದಂಗ. ಅದು ಎದಕ್ಕೂ ಕರಗಂಗಿಲ್ಲ. ಹುಳಿ ಕೊಟ್ರ ಇನ್ನಾ ಬೆಳೀತದ. ಗಂಡು ನಾಯಿ ಇದ್ರಂತೂ ದಾರಿ ಕಟ್ಟಿ ಜೀವಕ್ಕ ಬರ್ತದ. ಹನಿ ನೋಡಲಾರದೇ ಔಷಧ ಹೇಳಬ್ಯಾಡ್ರಿ."

"ಆತ್ರಿ ಮೇಡಂ," ಎಂದೆ.

ಮಾನ್ವಿಗೆ ವರ್ಗವಾದಾಗ ಅಲ್ಲಿನ ಡಾಕ್ಟರರಿಗೆ ಬೇರೆ ಆಸ್ಪತ್ರೆಗಳ ಹೊಣೆಯೂ ಇತ್ತು. ಅವರು ಇಲ್ಲದ ದಿನಗಳಲ್ಲಿ ಖುರ್ಚಿ ಖಾಲಿ, ಬಾಗಿಲಲ್ಲಿ ನಾನು. ಜನ ನನ್ನನ್ನೇ ಡಾಕ್ಟರ್ ಎಂದರು. ಮೊದಮೊದಲು ಅಲ್ಲ ಎನ್ನುತ್ತಿದ್ದೆ, ಆಮೇಲೆ ಬಿಟ್ಟೆ. ಅಲ್ಲಿಯೂ ಸೂಕ್ಷ್ಮದರ್ಶಕ ಇತ್ತು. ಕಪಾಟಿನಲ್ಲಿ, ಬಟ್ಟೆ ಮುಚ್ಚಿ. ಕಪಾಟಿನ ಕೀಲಿ ನನ್ನ ಉಡಿದಾರದಲ್ಲೇ ಇರುತ್ತಿತ್ತು.

ನಾಯಿಗೆ ಹರಳು ಎಂದು ಯಾರೇ ಬಂದರೂ ನಾನು ಒಂದೇ ಔಷಧ ಹೇಳುತ್ತಿದ್ದೆ. ನಮ್ಮ ಕಡೆ ಪುಂಡಿಪಲ್ಯೆ ಇಲ್ಲದ ಮನೆಯಿಲ್ಲ. ಆ ಸೊಪ್ಪಿನಷ್ಟು ಹುಳಿ ಮತ್ತಾವುದೂ ಇಲ್ಲ. ಪುಂಡಿಪಲ್ಯೆ ಕುದಿಸಿ ಅನ್ನಕ್ಕೆ ಕಲಸಿರಿ, ಜೊತೆಗೆ ಮನುಷ್ಯರು ಚೀಪುವ ವಿಟಮಿನ್ ಸಿ ಗುಳಿಗೆ ಪುಡಿ ಮಾಡಿ ಹಾಕಿರಿ. ಇದು ನನ್ನ ಸ್ವಂತ ಶೋಧನೆ ಎಂದು ಹೆಮ್ಮೆ ಇತ್ತು. ಆ ಸೊಪ್ಪು, ಆ ಗುಳಿಗೆ ಎರಡೂ ಲಕೋಟೆಯಂಥ ಹರಳಿಗೆ ಗೊಬ್ಬರವಿದ್ದಂತೆ ಎಂದು ಆಮೇಲೆ ತಿಳಿಯಿತು. ಬಹಳ ಜನರ ನಾಯಿಗಳಿಗೆ ಏನೂ ಆಗಲಿಲ್ಲ. ಕಾರಣ ನನ್ನ ಜಾಣತನವಲ್ಲ, ಅವರು ನನ್ನ ಮಾತು ಪಾಲಿಸಲಿಲ್ಲ. "ನಮ್ಮ ಪಗ್ ಮೂಸಿ ನೋಡಿ ಹೊಳ್ಳಿ ಹೋತ್ರಿ, ನಾವೂ ಬಿಟ್ವಿ," ಎಂದು ಕೋರ್ಟಿನ ಗುಮಾಸ್ತರೊಬ್ಬರು ನಗುತ್ತ ಹೇಳಿದ್ದರು.

ತಪ್ಪದೆ ಪಾಲಿಸಿದವರು ಒಬ್ಬರೇ.

ಆಕೆ ಅಲ್ಲಿಯ ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಊರು ದೇವದುರ್ಗದ ಕಡೆಯ ಅರಕೇರಾ. ಕೂಲಿ ಮಾಡುವ ಮನೆತನದಿಂದ ಬಂದು, ಒಲೆಯ ಮುಂದೆ ಸರಕಾರದ ಕೆಲಸ ಎಂದು ತಲೆಯೆತ್ತಿ ನಿಂತ ಹೆಣ್ಣುಮಗಳು. ಶಾಲೆಯ ಮಾಸ್ತರೊಬ್ಬರು ವರ್ಗವಾಗಿ ಹೋಗುವಾಗ ಬಿಟ್ಟುಹೋದ ಗಂಡು ಪಮೇರಿಯನ್ನನ್ನು ಸಾಕಿಕೊಂಡಿದ್ದಳು. ಹೆಸರು ಪಿಂಟ್ಯಾ. ಒಂದು ದಿನ ಅದನ್ನು ಸೆರಗಲ್ಲಿ ಸುತ್ತಿಕೊಂಡು ಬಂದಳು. "ಉಚ್ಚಿ ಕೆಂಪಗಾಗ್ಯಾದ್ರಿ ಡಾಕ್ಟರಪ್ಪ."

ನಾನು ನನ್ನ ಔಷಧ ಹೇಳಿದೆ. ದಿನಾ ಒಂದು ಹಿಡಿ ಪುಂಡಿಪಲ್ಯೆ ಎಂದೆ.

"ಹಿಡಿ ಅಂದ್ರ ನನ್ನ ಹಿಡಿನೋ, ನಿಮ್ಮ ಹಿಡಿನೋ?"

"ಏ ಯವ್ವಾ, ಯಾವುದೋ ಒಂದು ಹಿಡಿ!"

"ಹಂಗಂದ್ರ ಹ್ಯಾಂಗ್ರಿ? ಅಷ್ಟು ಮಕ್ಕಳಿಗೆ ಉಪ್ಪು ಹಾಕೋ ಕೈ ನಂದು. ನಾ ಯಾವುದೋ ಒಂದು ಹಿಡಿ ಹಾಕಿದ್ರ ನಡೀತದೇನ್ರಿ?" ಎಂದಳು. ನನ್ನ ಮುಷ್ಟಿ ಹಿಡಿದು ತೋರಿಸಿದೆ. ಅದನ್ನು ನೋಡಿಕೊಂಡು, ತನ್ನ ಮುಷ್ಟಿಯನ್ನು ಒಂದಿಷ್ಟು ಅಗಲ ಮಾಡಿ, "ಇಷ್ಟು," ಎಂದು ಒಪ್ಪಿಸಿಕೊಂಡು ಹೋದಳು.

ಸೋಂಕಿನಿಂದ ಆದ ಹರಳೋ ಅಲ್ಲವೋ, ಹನಿ ನೋಡಿದ್ದರೆ ಆಗಲೇ ತಿಳಿಯುತ್ತಿತ್ತು. ಕೀಲಿ ಸೊಂಟದಲ್ಲಿತ್ತು.

ಆಮೇಲೆ ಎದುರಾದಾಗಲೆಲ್ಲ ವರದಿ ಒಪ್ಪಿಸುತ್ತಿದ್ದಳು. ಪಿಂಟ್ಯಾ ಮುಖ ತಿರುಗಿಸುತ್ತಾನೆ, ಬೆಲ್ಲದ ಚೂರು ತೋರಿಸಿ ತಿನ್ನಿಸುತ್ತೇನೆ, ಒಂದು ದಿನವೂ ಬಿಟ್ಟಿಲ್ಲ. "ಶಾಬಾಸ್," ಎನ್ನುತ್ತಿದ್ದೆ.

ಒಂದು ಮಧ್ಯಾಹ್ನ ನಾನು ಮದುವೆಯ ಊಟಕ್ಕೆ ಕೂತಿದ್ದಾಗ ಫೋನ್ ಬಂತು. "ಪಿಂಟ್ಯಾ ಕಾಲೆತ್ತಿ ಕಾಲೆತ್ತಿ ನಿಲ್ಲಾಕತ್ತಾನ್ರಿ. ಹನಿ ಬರವಲ್ದು. ಬೆನ್ನು ಬಾಗಸ್ಯಾನ. ಹೊಟ್ಟಿ ಮುಟ್ಟಿದ್ರ ಒದರತಾನ್ರಿ."

ನಾನು ಹೋಳಿಗೆ ಮುರಿಯುತ್ತಲೇ ಹೇಳಿದೆ: "ಅಂಜಬ್ಯಾಡ. ಹರಳು ಕರಗಿ ಇಳ್ಯಾಕತ್ತದ. ಇಳಿಯುವಾಗ ತ್ರಾಸ ಆಗೇ ಆಗ್ತದ. ನೀರು ಜಾಸ್ತಿ ಕುಡಿಸು, ನಾಳಿಗಿ ನೋಡೂಣು."

ಬೆನ್ನು ಬಾಗಿಸಿ ನಿಂತಿದೆ, ಹನಿ ಬರುತ್ತಿಲ್ಲ. ಇದೇ ಮಾತನ್ನು ಟಗರಿನ ಬಗ್ಗೆ ಯಾರಾದರೂ ಹೇಳಿದ್ದರೆ ಎಲೆ ಬಿಟ್ಟು ಓಡಿಹೋಗುತ್ತಿದ್ದೆ. ನಾಯಿಯ ವಿಷಯದಲ್ಲಿ ಅದೇ ಲಕ್ಷಣವನ್ನು ಗುಣ ಎಂದು ಕರೆದೆ, ಯಾಕೆಂದರೆ ಔಷಧ ನನ್ನದಾಗಿತ್ತು. ನೀವು ಈ ಕೆಲಸಕ್ಕೆ ಹೊಸಬರಾಗಿದ್ದರೆ ಬೇರೆಲ್ಲ ಮರೆತರೂ ಇದೊಂದು ನೆನಪಿಡಿ: ಗಂಡು ನಾಯಿ ತಿಣುಕಿಯೂ ಹನಿ ಬಾರದಿದ್ದರೆ ನಾಳೆ ಎಂಬ ಮಾತೇ ಇಲ್ಲ. ಆಗ ನೀರು ಕುಡಿಸಿ ಕಾಯುವುದು ಕಟ್ಟಿದ ಚೀಲಕ್ಕೆ ಮತ್ತೆ ತುಂಬಿದಂತೆ.

ಮರುದಿನ ಆಟೋದಲ್ಲಿ ತಂದಳು. ಪಿಂಟ್ಯಾನ ಹೊಟ್ಟೆ ಕಲ್ಲಿನಂತಾಗಿತ್ತು, ವಾಂತಿ ಮಾಡಿಕೊಂಡು ಸೋತಿದ್ದ. ಅಂದು ಡಾಕ್ಟರರು ಇದ್ದರು. ವಯಸ್ಸಿನಲ್ಲಿ ನನ್ನ ಮಗನಷ್ಟು. ಅವರು ಮೂತ್ರದ ದಾರಿಗೆ ಸಣ್ಣ ನಳಿಗೆ ಹಾಕಲು ನೋಡಿದರು. ಅದು ಮರಳಿಗೆ ತಾಗಿದಂತೆ ಕರಕರ ಎಂದು ನಿಂತಿತು. ಹೊಟ್ಟೆಗೆ ಸೂಜಿ ಹಾಕಿ ಮೂತ್ರ ತೆಗೆದರು. "ಭಾಳ ತಡ ಆಗ್ಯಾದ," ಎಂದರು. ಆಮೇಲೆ ಆಕೆಯ ಕಡೆ ತಿರುಗಿ ಕೇಳಿದರು: "ಏನ್ ತಿನ್ನಸ್ತಿದ್ರವ್ವಾ ಇದಕ್ಕ?"

ಆಕೆ ಬಾಯಿ ತೆರೆದಳು. ತೆರೆಯುವ ಮೊದಲು ನನ್ನ ಮುಖ ನೋಡಿದಳು. ದೂರುವ ನೋಟವಲ್ಲ ಅದು, ಅಳತೆಯನ್ನು ನೀವೇ ಸರಿಯಾಗಿ ಹೇಳಿ ಎನ್ನುವಂಥ ನೋಟ. ಬಾಗಿಲಲ್ಲಿ ಜನ ನಿಂತಿದ್ದರು, ಶಾಲೆಯ ಕಡೆಯವರೂ ಇದ್ದರು.

ನಾನು ಮುಂದೆ ಬಿದ್ದು ಹೇಳಿದೆ: "ಇನ್ನೇನ್ರಿ ಸರ್, ಸಾಲಿ ಅಡಗಿ! ಉಪ್ಪು ಖಾರದ ಸಾಂಬಾರು. ಇವರಿಗೆ ಎಷ್ಟು ಹೇಳಿದ್ರೂ ಅಷ್ಟ."

ಆಕೆ ಇಲ್ಲ ಎನ್ನುತ್ತಾಳೆ ಎಂದು ಕಾದೆ. ಆಕೆ ನೆಲ ನೋಡಿದಳು. ತನ್ನೊಳಗೇ ಹುಡುಕಿದಳು, ಅಕ್ಕಿಯಲ್ಲಿ ಕಲ್ಲು ಆರಿಸುವವರ ಹಾಗೆ. ಕೊನೆಗೆ ಸಿಕ್ಕಿತು. "ಹೌದ್ರಿ," ಎಂದಳು. "ಒಮ್ಮೆ ಹುಡುಗರು ತಾಟಿನ್ಯಾಗ ಬಿಟ್ಟಿದ್ದು ನೆಕ್ಕಿತ್ರಿ. ನಾ ನೋಡೂದರಾಗ ನೆಕ್ಕಿಬಿಟ್ಟಿತ್ತು."

ಡಾಕ್ಟರರು ಕಪಾಟಿನ ಕೀಲಿ ಕೇಳಿದರು. ಬಟ್ಟೆ ತೆಗೆದು, ಧೂಳು ಒರೆಸಿ, ಹನಿ ಇಟ್ಟು ನೋಡಿದರು. "ಬರ್ರಿ ಹನುಮಂತಪ್ಪ, ನೋಡ್ರಿ," ಎಂದರು. ಈ ಸಲ ಹೋದೆ. ಲಕೋಟೆಗಳು. ಸಾಲು ಸಾಲಾಗಿ, ನಡುವೆ ಅಡ್ಡ ಗೀಟು ಎಳೆದ ಪುಟ್ಟ ಲಕೋಟೆಗಳು. ರಾಯಚೂರಿನಲ್ಲಿ ನಾನು ಬರುವಷ್ಟರಲ್ಲಿ ಒಣಗಿಹೋಗಿದ್ದವು, ಇಲ್ಲಿಗೆ ಬಂದು ಕಾದಿದ್ದವು.

ನಾನು ತಲೆಯೆತ್ತಿದಾಗ ಪಿಂಟ್ಯಾ ಹೋಗಿಬಿಟ್ಟಿದ್ದ. ಆಕೆ ಅವನನ್ನು ಸೆರಗಲ್ಲಿ ಸುತ್ತಿಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂತಳು. ಅಳಲಿಲ್ಲ. ಬಾಗಿಲಿಗೂ ಮೆಟ್ಟಿಲಿಗೂ ನಡುವೆ ಹೆಚ್ಚು ದೂರವಿರಲಿಲ್ಲ. ನಾನು ಹೋಗಿ, ಸಾಂಬಾರಿನಿಂದಲ್ಲವ್ವಾ, ನಾನು ಹೇಳಿದ ಸೊಪ್ಪು ಗುಳಿಗೆಯಿಂದ ಎಂದು ಹೇಳಬಹುದಿತ್ತು. ನಾನು ತಟ್ಟೆ, ಸೂಜಿ, ನಳಿಗೆ ತೊಳೆಯಲು ಹೋದೆ. ಬಹಳ ಹೊತ್ತು ತೊಳೆದೆ.

ಒಂದು ನಾಯಿ ಸತ್ತಿತು, ಅಷ್ಟಕ್ಕೆ ಇಷ್ಟು ಯಾಕೆ ಎಂದು ನೀವು ಕೇಳಬಹುದು. ಅಷ್ಟಕ್ಕೇ ಮುಗಿದಿದ್ದರೆ ನಾನೂ ಮರೆಯುತ್ತಿದ್ದೆನೇನೋ. ಆಕೆ ಶಾಲೆಯ ಅಡುಗೆಗೆ ನಿಂತಾಗಲೇ ಆಕೆಯ ಕೈಯ ಊಟ ಕೆಲವು ಮನೆಗಳಿಗೆ ಸೇರಿರಲಿಲ್ಲ. ಯಾಕೆ ಎಂದು ನಾನು ಬಿಡಿಸಿ ಬರೆಯಬೇಕಿಲ್ಲ, ನಮ್ಮ ಊರುಗಳು ನಿಮಗೆ ಗೊತ್ತು. ಬಾಯಿ ಬಿಟ್ಟು ಹೇಳಲು ಅವರಿಗೊಂದು ಮಾತು ಬೇಕಾಗಿತ್ತು. ಅದನ್ನು ನಾನು ಕೊಟ್ಟೆ. "ನಾಯಿಗೇ ದಕ್ಕಲಿಲ್ಲಂತ, ಮಕ್ಕಳಿಗೆ ಹ್ಯಾಂಗ ದಕ್ಕತದ?" ಎಂದು ಚಹಾದಂಗಡಿಯಲ್ಲಿ ಒಬ್ಬ ಹೇಳಿದಾಗ ನಾನು ಪಕ್ಕದಲ್ಲೇ ಕಪ್ಪು-ಬಸಿ ಹಿಡಿದು ಕೂತಿದ್ದೆ. "ದವಾಖಾನಿಯವರೇ ಹೇಳ್ಯಾರ," ಎಂದ ಇನ್ನೊಬ್ಬ. ಚಹಾ ಕುಡಿದು ಎದ್ದುಹೋದೆ. ಕೆಲವು ಮಕ್ಕಳು ಮನೆಯಿಂದ ಡಬ್ಬಿ ತರತೊಡಗಿದರು. ಆಕೆಯನ್ನು ಮೊದಲು ಒಲೆಯಿಂದ ಪಾತ್ರೆ ತೊಳೆಯುವುದಕ್ಕೆ ಸರಿಸಿದರು. ಆಮೇಲೆ ಆಕೆಯೇ ಬಿಟ್ಟು ಅರಕೇರಾಕ್ಕೆ ಹೋದಳು ಎಂದು ಕೇಳಿದೆ.

ನಾನು ಪುಂಡಿಪಲ್ಯೆಯ ಔಷಧ ಹೇಳುವುದನ್ನು ನಿಲ್ಲಿಸಿದೆ. ಹನಿ ನೋಡದೆ ಮಾತಾಡುವುದನ್ನೂ ನಿಲ್ಲಿಸಿದೆ. ಕರಗದ ಜಾತಿಯ ಹರಳಿಗೆ ಏನು ಮಾಡಬೇಕೆಂದು ಆ ಎಳೆಯ ಡಾಕ್ಟರರಿಂದ ಕಲಿತೆ: ಇರುವ ಕಲ್ಲನ್ನು ತೆಗೆಯಬೇಕಾದೀತು, ಹೊಸದು ಬೆಳೆಯದಂತೆ ನೀರು, ಮೂತ್ರವನ್ನು ಹುಳಿಯಾಗಿಸದ ಊಟ, ಸೊಪ್ಪು ಗುಳಿಗೆಗಳನ್ನು ಕೇಳದೆ ಕೊಡದಿರುವುದು, ಮತ್ತೆ ಮತ್ತೆ ಪರೀಕ್ಷೆ. ಒಳ್ಳೆಯ ಕೆಲಸಗಾರ ಎಂದು ಹೆಸರೂ ಬಂತು. ಯಾಕೆ ಇಷ್ಟು ಹುಷಾರಾದೆ ಎಂದು ಯಾರೂ ಕೇಳಲಿಲ್ಲ.

ನಿವೃತ್ತಿಯಾದ ಮೇಲೆ ಅರಕೇರಾಕ್ಕೆ ಹೋಗಿದ್ದೆ. ಬಸ್ಸಿಳಿದು ಚಹಾ ಕುಡಿದು, ಅದೇ ಬಸ್ಸು ತಿರುಗಿ ಬಂದಾಗ ಹತ್ತಿ ವಾಪಸು ಬಂದೆ. ಮತ್ತೊಮ್ಮೆ ಹೋದೆ, ಹಾಗೆಯೇ ಬಂದೆ. ಕಳೆದ ಸಲ ದೇವದುರ್ಗದ ಬಸ್ ನಿಲ್ದಾಣದಲ್ಲೇ ಕೂತು, ಹೋಗಲೋ ಬೇಡವೋ ಎಂದುಕೊಳ್ಳುತ್ತಿರುವಾಗ ಹಿಂದಿನಿಂದ ಧ್ವನಿ ಬಂತು: "ಡಾಕ್ಟರಪ್ಪಾರ, ಆರಾಮ ಅದೀರಿ? ಭಾಳ ಇಳದೀರಲ್ರಿ!"

ಕೂದಲು ಬೆಳ್ಳಗಾಗಿತ್ತು, ನಗು ಅದೇ. ನನ್ನ ಮನೆ, ಮಕ್ಕಳು, ಕಣ್ಣು ಎಲ್ಲವನ್ನೂ ವಿಚಾರಿಸಿದಳು. ನಾನು ಏನಾದರೂ ಕೇಳಬೇಕೆಂದು, "ಈಗೇನರ ನಾಯಿ ಸಾಕೀ ಏನವ್ವಾ?" ಎಂದೆ.

"ಇಲ್ರಿ. ಮತ್ತ ಸಾಕಲಿಲ್ರಿ. ಅಡಗೀನೂ ಮಂದಿಗೆ ಮಾಡಿ ಹಾಕಂಗಿಲ್ಲ. ನನ್ನ ಕೈ ಛಲೋ ಅಲ್ರಿ ಯಪ್ಪಾ. ನೀವು ಅಷ್ಟು ಬಿಡಿಸಿ ಹೇಳಿದ್ರಿ, ನಾನ ಲಕ್ಷ ಕೊಡಲಿಲ್ಲ."

ಹೇಳು, ಈಗ ಹೇಳು ಎಂದು ನನಗೆ ನಾನೇ ಅಂದುಕೊಂಡೆ. ಬಾಯಿಂದ ಬಂದದ್ದು ಬೇರೆ. "ಹೋಗ್ಲಿ ಬಿಡವ್ವಾ, ಆದದ್ದಾತು," ಎಂದೆ. ದೊಡ್ಡ ಮನಸ್ಸು ಮಾಡಿ ಕ್ಷಮಿಸಿದವನ ಹಾಗೆ. ಆಕೆಯ ಮುಖ ಹಗುರಾಯಿತು. ಕೈ ಮುಗಿದಳು. ಅರಕೇರಾದ ಬಸ್ಸು ಬಂತು, ಹತ್ತಿ ಹೋದಳು.

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಅದಕ್ಕೇ ಇದನ್ನು ಬರೆದೆ. ಅರಕೇರಾದ ಕಡೆ ಕೆಲಸಕ್ಕೆ ಹೋದವರು ಯಾರಾದರೂ ನನಗಿಂತ ಮೊದಲೇ ಆಕೆಯನ್ನು ಕಂಡರೆ ಇದನ್ನು ಓದಿ ಹೇಳಿ. ಆಕೆ ಒಂದು ಹಿಡಿಯನ್ನೂ ತಪ್ಪಿಸಿರಲಿಲ್ಲ, ಆ ಕೈ ಅಂದೂ ಛಲೋ ಇತ್ತು, ತಪ್ಪು ಹೇಳಿದ ಬಾಯಿ ನನ್ನದು. ನಾಯಿಯ ಹೆಸರನ್ನು ಇಷ್ಟು ಸಲ ಬರೆದೆ, ಆಕೆಯ ಹೆಸರನ್ನು ಒಮ್ಮೆಯೂ ಬರೆಯಲಿಲ್ಲ. ಎದುರಿಗೆ ನಿಂತಾಗಲೂ ಹೆಸರು ಹಿಡಿದು ಕರೆದವನಲ್ಲ.

ಹುಲಿಗೆಮ್ಮ.